ಮಿಲ್ಲಿನ ಬೀಗ ಬಸವಣ್ಣನ ಹುಂಡಿಗೆ

ಭಕ್ತ ಬಂಧುಗಳೇ, ಬೆಂಕಿ ಬಿದ್ದರೆ ಊರು ಕೊಡ ಹಿಡಿದು ಬರುತ್ತದೆ. ಕೂಲಿಯವರು ಮುನಿದರೆ ಕೂತು ಮಾತಾಡಬಹುದು. ಗಾಳಿಮಾತು ಹತ್ತಿಕೊಂಡರೆ ಯಾರ ಜೊತೆ ಚೌಕಾಸಿ ಮಾಡುವುದು?

ಎಪ್ಪತ್ತರ ದಶಕದ ಮಾತು. ಹಮಾಲಿ ಮಾಡುತ್ತಿದ್ದ ನಾನು, ಪಾಲುದಾರ ವೀರಭದ್ರಪ್ಪನ ಜೊತೆ ಸಿರುಗುಪ್ಪದಲ್ಲಿ ಕುಸುಬಲಕ್ಕಿ ಮಿಲ್ಲು ಕಟ್ಟಿದ್ದೆ. ಭತ್ತ ತಂದವರು ಅದು ತೊಟ್ಟಿಯಲ್ಲಿ ನೆನೆದು, ಬೆಂದು, ಕಣದಲ್ಲಿ ಒಣಗಿ ಅಕ್ಕಿಯಾಗುವವರೆಗೂ ತಮ್ಮ ಚೀಲದ ಪಕ್ಕದಲ್ಲೇ ಕೂತಿರುವುದು ನಮ್ಮಲ್ಲಿನ ರೂಢಿ.

ಒಂದು ಮಾಘದಲ್ಲಿ ಸುದ್ದಿ ಎದ್ದಿತು: ನಮ್ಮ ತೊಟ್ಟಿಯಲ್ಲಿ ಹಾವು ಬಿದ್ದು ಬೆಂದಿದೆ, ಆ ಅಕ್ಕಿ ಉಂಡ ರಾರಾವಿ ಊರಿನ ಕೂಸು ಬಳ್ಳಾರಿ ಆಸ್ಪತ್ರೆಯಲ್ಲಿದೆ. ಹತ್ತು ವರ್ಷ ನಮ್ಮ ಅಕ್ಕಿ ಉಂಡ ಬಾಯಿಗಳೇ ಇದನ್ನು ಹೇಳಿದವು. "ಸುಮ್ನ ಕುಂದರ್ರಿ, ತಾನ ಆರತೈತಿ" ಎಂದ ವೀರಭದ್ರಪ್ಪ. ನಾನು ಸಿಟ್ಟಿನಲ್ಲಿ ಗೇಟಿಗೆ ಬೀಗ ಜಡಿದು, ಚೀಲ ಮಾತ್ರ ಒಳಗೆ ತನ್ನಿ, ತಂದವರನ್ನು ಬಿಡಬೇಡಿ ಎಂದು ಆಳುಗಳಿಗೆ ಹೇಳಿದೆ. ವಾರದಲ್ಲಿ ಭತ್ತದ ಬಂಡಿಗಳು ನಿಂತವು. ಕಣದಲ್ಲಿ ಭತ್ತ ಹರವುವ ಹೆಂಗಸರು ಬರಿಗೈಲಿ ಮನೆಗೆ ಹೋದರು.

ಬಳ್ಳಾರಿಗೆ ಹೋಗಿ ಆಸ್ಪತ್ರೆಯ ವಾರ್ಡುಗಳನ್ನೆಲ್ಲ ಸುತ್ತಿದೆ. ಅಂಥ ಕೂಸೇ ಇರಲಿಲ್ಲ. ಮರಳುವ ಬಸ್ಸಿನಲ್ಲಿ ಪಕ್ಕದವನಿಗೆ ಅದನ್ನು ಹೇಳಿದರೆ, "ಹಂಗಾದ್ರ ಬ್ಯಾರೆ ಆಸ್ಪತ್ರಿಗಿ ಒಯ್ದಿರಬೇಕು ಬಿಡ್ರಿ" ಎಂದ. ಮೈ ಉರಿದುಹೋಯಿತು.

ದಾರಿಯಲ್ಲಿ ಕುರುಗೋಡಿನಲ್ಲಿ ಇಳಿದು, ಗುಡಿಗೆ ಹೋಗಿ ಬಸವಣ್ಣನ ಮುಂದೆ ನಿಂತೆ. "ಸುದ್ದಿ ಹಬ್ಬಿಸಿದವನ ನಾಲಿಗಿ ಕಟ್ಟಪ್ಪ, ದಾಸೋಹಕ್ಕ ಹತ್ತು ಚೀಲ ಅಕ್ಕಿ ಕಳಸತೀನಿ" ಎಂದು ಬಾಯಿಬಿಟ್ಟೇ ಬೇಡಿದೆ. ಆ ವ್ಯಾಪಾರವನ್ನು ಬಸವಣ್ಣ ಒಪ್ಪಲಿಲ್ಲ.

ಪಕ್ಕದಲ್ಲಿದ್ದ ದೇಶನೂರಿನ ಮುದುಕಿ, ನಾನು ಯಾರೆಂದು ತಿಳಿಯದೆ, ಯಾವ ಸುದ್ದಿ ಎಂದು ಕೇಳಿದಳು. ಹೇಳಿದೆ.

"ಆ ಮಿಲ್ಲೇನಪ್ಪ? ನಮ್ಮ ಭತ್ತಾನೂ ಅಲ್ಲೇ ಹಾಕತಿದ್ವಿ. ಹಾವು ನಾ ನೋಡಿಲ್ಲ. ಗೇಟಿನ ಬೀಗ ನೋಡೀನಿ. ಒಳಗ ಏನೂ ಇಲ್ದಿದ್ರ ಬೀಗ ಯಾಕ?"

ಕೆನ್ನೆಗೆ ಹೊಡೆದಂತಾಯಿತು. ಸುದ್ದಿಗೆ ನೀರೆರೆದು ಬೆಳೆಸಿದವನು ನಾನೇ.

ಮರುದಿನ ಬೆಳಿಗ್ಗೆ ಗೇಟು ತೆರೆದು, ಊರವರನ್ನು ಕರೆದು, ಅವರ ಎದುರೇ ತೊಟ್ಟಿಗಳನ್ನು ಖಾಲಿ ಮಾಡಿಸಿದೆ. ಹಾವಿರಲಿಲ್ಲ. ಆದರೆ ನೀರು ಕಪ್ಪಾಗಿತ್ತು, ಮೂಗು ಮುಚ್ಚಿದ ಕೈ ತೆಗೆಯುವಂತಿರಲಿಲ್ಲ. ದಿನಾ ಬದಲಿಸಬೇಕಾದ ನೀರನ್ನು, ತೊಟ್ಟಿಯ ಉಸ್ತುವಾರಿ ನೋಡುತ್ತಿದ್ದ ವೀರಭದ್ರಪ್ಪ ಪಂಪಿನ ಎಣ್ಣೆ ಉಳಿಸಲು ಹಾಗೇ ಬಿಡುತ್ತಿದ್ದನಂತೆ. ಸುದ್ದಿಯ ಬೇರು ಆ ನಾತ.

"ಸಾವ್ಕಾರ್ರ, ಹಾವ ಇದ್ದಿದ್ರೂ ಈ ನಾತಕ್ಕ ಓಡಿಹೋಗತಿತ್ತು ಬಿಡ್ರಿ" ಎಂದನೊಬ್ಬ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ತಪ್ಪು ನಮ್ದು" ಎಂದೆ. ತೊಟ್ಟಿಯಲ್ಲಿ ಉಳಿದಿದ್ದ ಭತ್ತವನ್ನು ತಿಪ್ಪೆಗೆ ಹಾಕಿಸಿ, ತೊಟ್ಟಿ ತಿಕ್ಕಿಸಿ, ಹೊಸ ನೀರು ತುಂಬಿಸಿದೆ. ಅದರಲ್ಲಿ ನಮ್ಮದೇ ಭತ್ತ ಹಾಕಿ ತೆಗೆದ ಅಕ್ಕಿಯನ್ನು ಅಂಗಳದಲ್ಲೇ ಬೇಯಿಸಿ ಎಲ್ಲರೆದುರು ಮೊದಲ ತುತ್ತು ನಾನು ಉಂಡೆ.

ಆದರೂ ನಾಲ್ಕು ದಿನ ಯಾರೂ ಭತ್ತ ತರಲಿಲ್ಲ. ಐದನೆಯ ದಿನ ದೇಶನೂರಿನ ಬಂಡಿ ಬಂತು, ಅದೇ ಮುದುಕಿ. ನನ್ನ ಮುಖ ನೋಡಿ, "ಗುಡ್ಯಾಗ ಸಿಕ್ಕಾವ ನೀನ ಏನಪ್ಪ?" ಎಂದಳು. ತೊಟ್ಟಿಯಲ್ಲಿ ಕೈ ಅದ್ದಿ ಮೂಸಿ ನೋಡಿ, ಬಂಡಿಯವನಿಗೆ ಹೇಳಿದಳು: "ಇಳಸಲೇ ಚೀಲ."

ನನ್ನ ಬುದ್ಧಿಮಾತು ಇಷ್ಟೇ. ಸಂಸ್ಥೆ ಕಟ್ಟಿದವರೇ, ಸುಳ್ಳು ಸುದ್ದಿ ಬಂದಾಗ ಮೊದಲು ನಿಮ್ಮ ತೊಟ್ಟಿ ಮೂಸಿ ನೋಡಿರಿ. ಸುದ್ದಿ ಹಬ್ಬಿಸಿದವರ ಮೇಲೆ ನನ್ನ ಸಿಟ್ಟು ಇಂದಿಗೂ ಆರಿಲ್ಲ. ಬಸವಣ್ಣ ಅವರ ನಾಲಿಗೆ ಕಟ್ಟಲಿಲ್ಲ, ನನ್ನ ಕಣ್ಣು ತೆರೆಸಿದ. ಒಪ್ಪಂದವಾಗದಿದ್ದರೂ ಹತ್ತು ಚೀಲ ಕಳಿಸಿದೆ. ಜೊತೆಗೆ ಗೇಟಿನ ಬೀಗವನ್ನೂ ಒಯ್ದು, ಕೀಲಿ ಸಮೇತ ಅವನ ಹುಂಡಿಗೆ ಹಾಕಿ ಬಂದೆ.