ಎರಡು ನಾಣ್ಯ, ಒಂದೇ ಸದ್ದು

ಮೊಮ್ಮಗಳು ಈಗ ಮೊದಲ ಪಿಯುಸಿ. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಸಂಜೆ ಮೇಜಿನ ಅಂಚಿನಲ್ಲಿ ಎರಡು ನಾಣ್ಯ ಇಟ್ಟು ನನ್ನನ್ನು ಕರೆದಳು. ಒಂದನ್ನು ಬೆರಳಿನಿಂದ ಅಡ್ಡಕ್ಕೆ ಜೋರಾಗಿ ಚಿಮ್ಮಿಸಿ, ಅದೇ ಕ್ಷಣಕ್ಕೆ ಇನ್ನೊಂದನ್ನು ನೇರ ಕೆಳಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ ಎಂದು ಕೇಳಿದಳು.

"ಬಿಟ್ಟಿದ್ದೇ ಮೊದಲು. ಚಿಮ್ಮಿದ್ದು ಮುಂದಕ್ಕೆ ಹೋಗಿ ಆಮೇಲೆ ತಾನೇ ಬೀಳೋದು?" ಎಂದೆ.

"ಸೋತ್ರೆ ಮಸಾಲೆ ದೋಸೆ ಕೊಡಿಸ್ಬೇಕು ತಾತ."

ಕೇಳಿಸಿದ್ದು ಒಂದೇ 'ಟಕ್'. ಇನ್ನೊಮ್ಮೆ ಮಾಡು ಎಂದೆ. ಮತ್ತೆ ಒಂದೇ.

"ಮುಂದಕ್ಕೆ ಹೋಗೋದು ಬೇರೆ ಲೆಕ್ಕ, ಕೆಳಕ್ಕೆ ಬೀಳೋದು ಬೇರೆ ಲೆಕ್ಕ. ಎಷ್ಟು ಜೋರಾಗಿ ತಳ್ಳಿದ್ರೂ ಬೀಳೋ ಟೈಮ್ ಹೆಚ್ಚಾಗಲ್ಲ. ದೂರ ಬೀಳುತ್ತೆ, ಅಷ್ಟೇ."

ಅವಳು ನಗುತ್ತಿದ್ದಳು. ನಾನು ಎರಡೂ ನಾಣ್ಯಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮಾಚೇನಹಳ್ಳಿಯ ಒಂದು ಎರಕದ ಶೆಡ್ಡಿಗೆ ಸೇರಿದ್ದೆ. ಆಳೆತ್ತರದ ಕಟ್ಟೆಯ ಮೇಲೆ ನಿಂತು ಎರಕದ ತುಂಡುಗಳನ್ನು ಕೆಳಗೆ ಹಾಕುವುದು ನನ್ನ ಕೆಲಸ, ಕೆಳಗೆ ನಿಂತು ಅವನ್ನು ಜೋಡಿಸುವುದು ನನ್ನ ಜೊತೆಗೇ ಸೇರಿದ್ದ ಗೆಳೆಯನದು. ಅಲ್ಲೊಂದು ರೂಢಿ ಇತ್ತು. ತುಂಡನ್ನು ಅಂಚಿನಲ್ಲೇ ಜಾರಿಸುವುದಾದರೆ ಮೊದಲು ಕೂಗಬೇಕು, ಕೆಳಗಿನವನು ಸರಿದ ಮೇಲೆ ಬಿಡಬೇಕು. ಜೋರಾಗಿ ದೂರಕ್ಕೆ ತಳ್ಳುವುದಾದರೆ ಕೂಗುತ್ತಲೇ ತಳ್ಳಬಹುದು. ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ಹೋಗಿ ನಿಧಾನಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಅವನು ಸರಿಯುತ್ತಾನೆ. ಮೇಸ್ತ್ರಿಯಿಂದ ಹಿಡಿದು ಎಲ್ಲರೂ ಹಾಗೆಂದೇ ನಂಬಿದ್ದೆವು.

ಆ ದಿನ ಲಾರಿ ಕಾಯುತ್ತಿತ್ತು. "ಪಕ್ಕಕ್ಕೆ ಸರೀ" ಎಂದು ಕೂಗುತ್ತಲೇ ತಳ್ಳಿದೆ. ನನ್ನ ಕೂಗು ಮುಗಿಯುವ ಮೊದಲೇ ತುಂಡು ಅವನ ಬಲಗಾಲಿನ ಮೇಲಿತ್ತು.

ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಮಾಲೀಕರು ವಿಚಾರಿಸಿದಾಗ ಹೇಳಿದ್ದು ಬೇರೆ: "ಜೋರಾಗೇ ತಳ್ಳಿದ್ದೆ ಸಾರ್. ಸರಿಯೋಕೆ ಬೇಕಾದಷ್ಟು ಹೊತ್ತಿತ್ತು. ಅವನೇ ತಡ ಮಾಡ್ದ." ಎಲ್ಲರೂ ತಲೆಯಾಡಿಸಿದರು. ನನ್ನ ಕೆಲಸ ಉಳಿಯಿತು. ಕುಂಟನಾದ ಅವನನ್ನು ಮನೆಗೆ ಕಳಿಸಿದರು. ಕಂಡದ್ದನ್ನು ರೂಢಿಯ ಮಾತಿನಿಂದ ಮುಚ್ಚಿ ಇಷ್ಟು ವರ್ಷ ಬದುಕಿದೆ. ಮೊಮ್ಮಗಳ ನಾಣ್ಯ ಆ ಮುಚ್ಚಳವನ್ನು ಕಿತ್ತುಹಾಕಿತು.

ಮರುದಿನವೇ ಭದ್ರಾವತಿಯ ಬಸ್ಸು ಹತ್ತಿದೆ. ಗೆಳೆಯ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ಕಿವಿ ಬಹುಪಾಲು ಹೋಗಿದೆ, ಕೂಗಿ ಮಾತಾಡಬೇಕು.

"ಏನ್ ಮಾರಾಯ, ದಾರಿ ತಪ್ಪಿ ಬಂದ್ಯಾ?"

"ಅವತ್ತಿನ ವಿಷ್ಯ ಮಾತಾಡ್ಬೇಕಿತ್ತು!"

"ಅದೇನು ಮಾತು? ನೀನು ಜೋರಾಗೇ ತಳ್ಳಿದ್ದೆ, ನಾನೇ ಎಮ್ಮೆ ಹಂಗೆ ನಿಂತಿದ್ದೆ, ಬಿತ್ತು. ಇವಳು ಇವತ್ತಿಗೂ ಅದನ್ನೇ ಹೇಳ್ತಾಳೆ."

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹೇಳಿದರು: "ಇನ್ನೇನು ಹೇಳ್ಲಿ? ಕರೆದ್ರೆ ಏಳೋ ಜನ್ಮವಾ ಇದು?"

ನಡೆದದ್ದನ್ನು ಕೂಗಿ ಹೇಳುವ ಧೈರ್ಯ ನನಗೆ ಬರಲಿಲ್ಲ. ನಾಣ್ಯಗಳನ್ನು ತೆಗೆದೆ. ಜಗುಲಿಯ ಅಂಚಿನಿಂದ ಒಂದನ್ನು ಚಿಮ್ಮಿಸಿ ಇನ್ನೊಂದನ್ನು ಬಿಟ್ಟೆ.

"ಎಷ್ಟು ಸದ್ದು ಕೇಳ್ತು?" ಎಂದು ಅವನ ಕಿವಿಯ ಹತ್ತಿರ ಕೂಗಿದೆ.

ಅವನು ನಕ್ಕ. "ಕಿವುಡನ ಹತ್ರ ಕೇಳ್ತೀಯಲ್ಲೋ! ಎತ್ಕೋ, ಬಸ್ ಚಾರ್ಜಿಗೆ ಬೇಕಾಗುತ್ತೆ."

"ಒಂದೇ," ಎಂದರು ಅವನ ಹೆಂಡತಿ. ದೂರ ಬಿದ್ದ ನಾಣ್ಯವನ್ನೂ ಹತ್ತಿರದ್ದನ್ನೂ ನೋಡಿದರು. ಆಮೇಲೆ ನನ್ನನ್ನು. "ಜೋರಾಗಿ ತಳ್ಳಿದ್ರೂ ಅಷ್ಟೇ ಹೊತ್ತಾ?"

"ಅಷ್ಟೇ."

"ಹಂಗಾದ್ರೆ ಅವತ್ತು ಇವ್ರಿಗೆ..."

"ಹೊತ್ತೇ ಇರ್ಲಿಲ್ಲ ಅಮ್ಮ. ನಂಗೆ ಅವತ್ತೇ ಗೊತ್ತಿತ್ತು."

ಅವರು ಕಾಫಿ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ. ಗಂಡನ ಪಕ್ಕ ಇಟ್ಟು, ಅವನ ಮಡಚಲಾಗದ ಕಾಲಿನ ಹತ್ತಿರ ನೆಲದ ಮೇಲೆ ಕುಳಿತರು.

"ಏನಂತೆ?" ಎಂದು ಅವನು ನಮ್ಮಿಬ್ಬರನ್ನೂ ಕೇಳಿದ. "ಏನಂತೆ, ಜೋರಾಗಿ ಹೇಳ್ರೋ."

ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.