ಅಕ್ಕನ ಹಿಡಿ ಇಪ್ಪತ್ತು ಗ್ರಾಂ

ಬೆಳಗಿನ ಐದೂವರೆ. ಕಾರ್ಖಾನೆ ಕ್ಯಾಂಟೀನಿನ ಹಿಂಬಾಗಿಲಲ್ಲಿ ಸಲಾಡ್ ಸೊಪ್ಪಿನ ಕ್ರೇಟುಗಳು ಇಳಿಯುತ್ತಿವೆ. ಕ್ಯಾಂಟೀನಿನವರೆಲ್ಲ ಚಿಕ್ಕಕ್ಕ ಎಂದೇ ಕರೆಯುವ ಹೆಂಗಸು ಒಂದು ಲೆಟಿಸ್ ಎಲೆ ಎತ್ತಿ ಕೆನ್ನೆಗೆ ಒತ್ತಿ ನೋಡುತ್ತಾರೆ. "ಒದ್ದೆ ಇದೆ. ಆರೂವರೆ ಕಿಲೋ ಅಂತ ನೀರನ್ನೂ ತೂಗಿ ಕಳಿಸಿದಾರೆ. ಮುನ್ನೂರು ಗ್ರಾಂ ಕಡಿಮೆ ಬರುತ್ತೆ, ನೋಡ್ತಾ ಇರಿ." ತೊಳೆದು, ಬಟ್ಟೆಯ ಮೇಲೆ ಹರಡಿ, ಆರಿಸಿ ತೂಗಿದರೆ ಮುನ್ನೂರ ಹತ್ತು ಗ್ರಾಂ ಕಡಿಮೆ. ಆ ಹತ್ತು ಗ್ರಾಂ ತಪ್ಪಿದ್ದಕ್ಕೇ ಅವರ ಮುಖ ಸಪ್ಪಗಾಗುತ್ತದೆ.

ಸೊಪ್ಪು ಬರುವುದು ಕಿಲೋದಲ್ಲಿ, ಊಟಕ್ಕೆ ಹೋಗುವುದು ಬಟ್ಟಲಿನಲ್ಲಿ. ನಡುವಿನ ಲೆಕ್ಕವೆಲ್ಲ ಐವತ್ತೆರಡು ವರ್ಷದ ಈ ಹೆಂಗಸಿನದು. ಒತ್ತದೆ ತುಂಬಿದ ಒಂದು ಬಟ್ಟಲು ಎಳೆಸೊಪ್ಪು ಇಪ್ಪತ್ತು ಗ್ರಾಂ, ಅಂದರೆ ಕಿಲೋಗೆ ಐವತ್ತು ಬಟ್ಟಲು. ಅದೇ ಬಟ್ಟಲಿಗೆ ಹೆಚ್ಚಿದ ಎಲೆಕೋಸಾದರೆ ಎಪ್ಪತ್ತು ಗ್ರಾಂ. ಒತ್ತಿ ತುಂಬಿದರಂತೂ ಕಥೆಯೇ ಬೇರೆ. "ಬಡವರ ಮನೆಗೆ ನೆಂಟರು ಬಂದ ಹಾಗೆ, ಒತ್ತಿದಷ್ಟೂ ಜಾಗ ಆಗುತ್ತೆ. ಆದ್ರೆ ನಲುಗಿದ ಎಲೆ ಮಧ್ಯಾಹ್ನಕ್ಕೆ ಕಪ್ಪಾಗುತ್ತೆ."

ಮುನ್ನೂರು ಜನರ ಊಟ. ಒಂದೊಂದು ಬಟ್ಟಲನ್ನೂ ತೂಗುತ್ತ ಕೂರಲು ಪುರಸೊತ್ತೆಲ್ಲಿ? ಗೋಡೆಯ ಚೀಟಿಯಲ್ಲಿರುವುದು ಇಷ್ಟೇ: 'ಒಬ್ಬರಿಗೆ ಒಂದು ಹಿಡಿ.' ಬರೆದವರು ದೊಡ್ಡಕ್ಕ, ಇವರ ಒಡಹುಟ್ಟಿದ ಅಕ್ಕ. ಹತ್ತೊಂಬತ್ತು ವರ್ಷ ಇಬ್ಬರೂ ಈ ಮೇಜಿನ ಆಚೆ ಈಚೆ ನಿಂತವರು. ತಂಗಿ ತೊಳೆಯುತ್ತಿದ್ದರು, ಅಕ್ಕ ಬಟ್ಟಲಿಗೆ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅಕ್ಕನ ಬಲಗೈ ಬಿದ್ದುಹೋಯಿತು. ಈಗವರು ಮಗಳ ಮನೆಯಲ್ಲಿದ್ದಾರೆ, ರೈಲಿನಲ್ಲಿ ಆರು ಗಂಟೆಯ ದಾರಿ.

"ಅಕ್ಕ ಹೋದ ಮೇಲೆ ಮೊದಲ್ನೇ ದಿನ ಚೀಟಿ ನೋಡ್ಕೊಂಡು ಹಿಡಿ ಹಿಡಿ ಹಾಕ್ತಾ ಹೋದೆ. ಇನ್ನೂ ಅರವತ್ತು ಬಟ್ಟಲು ಇರೋವಾಗ್ಲೇ ಸೊಪ್ಪು ಖಾಲಿ. ಮ್ಯಾನೇಜರು ಬಾಯಿಗೆ ಬಂದ ಹಾಗೆ ಬೈದ್ರು. ಆಮೇಲೆ ನನ್ನ ಹಿಡಿ ತೂಗಿ ನೋಡಿದೆ, ಇಪ್ಪತ್ತೈದು ಗ್ರಾಂ. ಅಕ್ಕನ ಕೈ ಪುಟ್ಟದು. ಇಷ್ಟು ವರ್ಷ ಎದುರಿಗೇ ನಿಂತಿದ್ರೂ ನನಗದು ಹೊಳೆದೇ ಇರ್ಲಿಲ್ಲ."

ಚೀಟಿ ತಿದ್ದಿ ಎಂದು ಮ್ಯಾನೇಜರು ಎಷ್ಟು ಹೇಳಿದರೂ ಚಿಕ್ಕಕ್ಕ ಜಪ್ಪಯ್ಯ ಅನ್ನಲಿಲ್ಲ. ಚೀಟಿಯ ಬದಲು ಕೈಯನ್ನೇ ತಿದ್ದಿಕೊಂಡರು. ಕಿರುಬೆರಳು ಮಡಚಿ, ಉಳಿದ ಬೆರಳುಗಳಲ್ಲಿ ಎತ್ತಿದರೆ ಸರಿಯಾಗಿ ಇಪ್ಪತ್ತು. ದಿನಕ್ಕೆ ಮುನ್ನೂರು ಸಲ ಆ ಬೆರಳು ಮಡಚಿ ಮಡಚಿ ಗೆಣ್ಣು ಊದಿದೆ. ಮೇಜಿನ ಆಚೆ ಬದಿಗೆ ಮಾತ್ರ ಇವತ್ತಿಗೂ ಯಾರನ್ನೂ ನಿಲ್ಲಗೊಡುವುದಿಲ್ಲ, ಒಂದು ಕ್ರೇಟನ್ನೂ ಇಡಗೊಡುವುದಿಲ್ಲ. ಅಕ್ಕನ ನೆನಪಾಗದ ದಿನವಿಲ್ಲ ಎನ್ನುತ್ತಾರೆ.

ಪ್ರತಿ ಭಾನುವಾರ ಫೋನು. "'ಹಿಡಿ ಕಟ್ಟೋಕೆ ಬಂತಾ ಅಕ್ಕಾ?' ಅಂತೀನಿ. 'ಅರ್ಧ ಬಂತು ಕಣೇ' ಅಂತಾಳೆ. ಹೋದ ವರ್ಷಾನೂ ಅರ್ಧ ಅಂತಾನೇ ಅಂದಿದ್ಲು."

ಏನಾದರೂ ಆಸೆ ಇದೆಯೇ ಎಂದರೆ ಚಿಕ್ಕಕ್ಕ ತಕ್ಕಡಿಯತ್ತ ನೋಡುತ್ತಾರೆ.

"ಒಂದೇ ಒಂದು ಸಲ ಅವಳು ಬಂದು ಅಲ್ಲಿ ನಿಲ್ಬೇಕು. ಇದರ ಮೇಲೆ ಒಂದು ಹಿಡಿ ಹಾಕ್ಬೇಕು. ಐದೇ ಗ್ರಾಂ ಬರ್ಲಿ. ಒಬ್ಬರಿಗೆ ನಾಲ್ಕು ಹಿಡಿ ಅಂತ ಆ ಚೀಟೀನೇ ತಿದ್ದಿಬಿಡ್ತೀನಿ."