ಲೂಸಿಯಾ ಯಾವ ಭಾಷೆಯಲ್ಲಿ ಹೇಳಿದಳು?

ಯಾರಾದರೂ ಇಂಥ ಸಂಗತಿ ಹೇಳಿದರೆ ನಗುತ್ತಿದ್ದವಳು ನಾನು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ್ದೇನೆ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಈಗಲೂ ನಂಬಿದ್ದೇನೆ. ಮೊಗ್ರಾಲಿನ ಅಂಗನವಾಡಿಯಲ್ಲಿ ಆ ಮಧ್ಯಾಹ್ನ ನಡೆದದ್ದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ.

ಲೂಸಿಯಾ ಬ್ರೆಜಿಲಿನ ಹುಡುಗಿ. ನರ್ಸಿಂಗ್ ಮುಗಿಸಿ, ತಾಯಂದಿರಿಗೆ ಆರೋಗ್ಯದ ಪಾಠ ಹೇಳಿಕೊಡಲು ಸ್ವಯಂಸೇವಕಿಯಾಗಿ ಅಷ್ಟು ದೂರದಿಂದ ನಮ್ಮ ಕಡೆಗೆ ಬಂದಿದ್ದಳು. ಮನೆಮಾತು ಪೋರ್ಚುಗೀಸ್, ನಮ್ಮೊಡನೆ ಹರಕುಮುರುಕು ಇಂಗ್ಲಿಷ್. ನಿವೃತ್ತಳಾಗಿ ಪೆರ್ಲದ ಮನೆಯಲ್ಲಿ ಕೂತಿದ್ದ ನಾನು ಅವಳ ದುಭಾಷಿಯಾದೆ. ಅವಳು ಹೇಳಿದ್ದನ್ನು ಇಲ್ಲಿನ ಮುಸ್ಲಿಂ ಹೆಂಗಸರ ಮನೆಮಾತಾದ ಬ್ಯಾರಿಯಲ್ಲೂ ಉಳಿದವರ ತುಳುವಿನಲ್ಲೂ ತಿರುಗಿ ಹೇಳುವುದು ನನ್ನ ಕೆಲಸ. ಎರಡು ತಿಂಗಳಲ್ಲಿ ಅವಳು ಕಲಿತ ನಮ್ಮ ಮಾತು ‘ಎಂತ’, ‘ಉಂಟು’, ‘ಸಾಕು’ ಇಷ್ಟೇ. ಊಟಕ್ಕೆ ಕೂತಾಗ ಆ ಮೂರನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಂದಿನ ಪಾಠ, ಮಕ್ಕಳ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದು. ನನ್ನ ಬಸ್ಸು ಸೀತಾಂಗೋಳಿಯ ಹತ್ತಿರ ಕೆಟ್ಟು ನಿಂತಿತು. ನಾನು ಬರುವವರೆಗೆ ಬೊಂಬೆ ಇಟ್ಟು ತೋರಿಸುತ್ತಿರು ಎಂದು ಲೂಸಿಯಾಳಿಗೆ ಫೋನಿನಲ್ಲಿ ಹೇಳಿದೆ. ಮೊಗ್ರಾಲು ಮುಟ್ಟುವಾಗ ಒಂದು ಗಂಟೆ ತಡವಾಗಿತ್ತು. ಪಾಠ ಮುಗಿದು, ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಚಾ ಕುಡಿಯುತ್ತಿದ್ದರು.

ನಾನಿನ್ನೂ ಚಪ್ಪಲಿ ಬಿಚ್ಚುತ್ತಿದ್ದೆ. ಖೈರುನ್ನೀಸಾಳ ಹತ್ತು ತಿಂಗಳ ಮಗು ಯಾರದೋ ತಟ್ಟೆಯಿಂದ ನೆಲಗಡಲೆ ಹೆಕ್ಕಿ ಬಾಯಿಗೆ ಹಾಕಿಕೊಂಡಿತು. ಮರುಕ್ಷಣ ಅದಕ್ಕೆ ಅಳುವುದಕ್ಕೂ ಉಸಿರಿರಲಿಲ್ಲ, ತುಟಿ ನೀಲಿಯಾಗತೊಡಗಿತು. ಖೈರುನ್ನೀಸಾ ಏಳಲಿಲ್ಲ, ಕೂಗಲಿಲ್ಲ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿದು, ಅಂಗೈಯ ಬುಡದಿಂದ ಬೆನ್ನಿನ ನಡುವೆ ಗುದ್ದಿದಳು. ನಾಲ್ಕನೆಯ ಗುದ್ದಿಗೆ ಅರ್ಧ ಕಡಲೆ ಚಾಪೆಗೆ ಬಿತ್ತು. ಮಗು ಕಿರುಚಿತು. ಅಷ್ಟು ಚಂದದ ಅಳುವನ್ನು ನಾನು ಕೇಳಿದ್ದೇ ಇಲ್ಲ. ಆಮೇಲೆ ನಾವೆಲ್ಲರೂ ಒಟ್ಟಿಗೆ ಅತ್ತೆವು, ನಕ್ಕೆವು. ಮಗು ಕೈಯಿಂದ ಕೈಗೆ ದಾಟಿತು.

“ನಿನಗೆ ಇಷ್ಟು ಧೈರ್ಯ ಹೇಗೆ ಬಂತು?” ಎಂದು ಕೇಳಿದೆ.

“ಲೂಸಿಯಾ ಹೇಳಿದ್ದಲ್ವಾ ಟೀಚರೆ,” ಎಂದಳು ಖೈರುನ್ನೀಸಾ. “ಅವಳ ತಮ್ಮ ತೊಮಾಸಿಗೆ ಹೀಗೇ ಆದಾಗ ಅಮ್ಮ ಜನ ಕರೆಯಲಿಕ್ಕೆ ರಸ್ತೆಗೆ ಓಡಿದ್ದಂತೆ. ತಿರುಗಿ ಬರುವಾಗ ಹುಡುಗ ಇರಲಿಲ್ಲ. ಹಾಗಾಗಿ ನಾನು ಓಡಲಿಲ್ಲ.”

ಲೂಸಿಯಾಳಿಗೊಬ್ಬ ತಮ್ಮನಿದ್ದದ್ದೇ ನನಗೆ ಗೊತ್ತಿರಲಿಲ್ಲ. “ಯಾವ ಭಾಷೆಯಲ್ಲಿ ಹೇಳಿದಳು?”

“ಎಂತ ಕೇಳುವುದು ನೀವು? ಬ್ಯಾರಿಯಲ್ಲಿ.”

“ಬ್ಯಾರಿ ಎಂತದ್ದು?” ಅಂಗನವಾಡಿ ನಡೆಸುವ ಸರೋಜ ತಡೆದಳು. “ತುಳುವಿನಲ್ಲಿ ಹೇಳಿದ್ದು. ನಾನು ಎದುರೇ ಕೂತಿದ್ದೆ.”

ಇಬ್ಬರಿಗೂ ಜೋರು ಚರ್ಚೆಯಾಯಿತು. ಉಳಿದವರಲ್ಲಿ ಕೆಲವರು ಅತ್ತ, ಕೆಲವರು ಇತ್ತ ಸೇರಿಕೊಂಡರು. ನನ್ನನ್ನು ತಮಾಷೆ ಮಾಡುತ್ತಿದ್ದಾರೆಂದೇ ಎಣಿಸಿದೆ. ಲೂಸಿಯಾಳನ್ನು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಬೊಂಬೆ ಹಿಡಿದಾಗ ತಮ್ಮನ ನೆನಪಾಯಿತು, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಪೋರ್ಚುಗೀಸಿನಲ್ಲೇ ಎಲ್ಲ ಹೇಳಿಬಿಟ್ಟೆ, ಎಂದಳು. ಹೆಂಗಸರು ಕೇಳಿಸಿಕೊಂಡದ್ದನ್ನು ನಾನು ವಿವರಿಸಿದಾಗ ಅವಳು ಬೊಂಬೆಯನ್ನು ಎದೆಗೆ ಅವಚಿಕೊಂಡು ಕೂತಳು. ಖೈರುನ್ನೀಸಾ ಮಗುವನ್ನು ಅವಳ ಮಡಿಲಲ್ಲಿ ಕೂರಿಸಿದಳು. ಅದು ಅವಳ ಮೂಗು ಹಿಡಿದು ಎಳೆಯಿತು. ಅವಳು ನಕ್ಕದ್ದು ಆಗ.

ಮುಖ ನೋಡಿಯೇ ಅರ್ಥವಾಗಿರಬಹುದೇ? ಕಣ್ಣೀರು ಕಂಡಿರಬಹುದು, ಹೆಸರು ಕಿವಿಗೆ ಬಿದ್ದಿರಬಹುದು. ಆದರೆ ರಸ್ತೆಗೆ ಓಡಿದ ತಾಯಿ? ಎಷ್ಟು ಯೋಚಿಸಿದರೂ ನನಗೆ ಅಲ್ಲಿಂದ ಮುಂದೆ ದಾರಿಯಿಲ್ಲ.

ಮುಂದಿನ ವಾರ ನಾನು ಬೇಕೆಂದೇ ಹಿಂದೆ ಕೂತೆ. ಲೂಸಿಯಾ ಉತ್ಸಾಹದಿಂದ ಐದು ನಿಮಿಷ ಪೋರ್ಚುಗೀಸಿನಲ್ಲಿ ಮಾತಾಡಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಕೊನೆಗೆ ಖೈರುನ್ನೀಸಾ ನನ್ನತ್ತ ತಿರುಗಿ, “ಟೀಚರೆ, ಇವಳು ಎಂತ ಹೇಳುವುದು?” ಎಂದಳು.

ನನಗೂ ಗೊತ್ತಿರಲಿಲ್ಲ.